ಪಾರ್ಚ್‌ಮೆಂಟ್ ಗೊತ್ತಿದ್ದವರು

ಅಣ್ಣನ ಮನೆಯಲ್ಲಿ ನನಗೆ ಕೊಟ್ಟಿದ್ದು ಕಾಳುಮೆಣಸಿನ ಮೂಟೆ ಇಡುವ ಕೋಣೆ. ಗಂಡನ ಮನೆ ಬಿಟ್ಟು ಬಂದವಳಿಗೆ ಅಷ್ಟಾದರೂ ಸಿಕ್ಕಿತಲ್ಲ ಎಂದು ಊರವರು ಹೇಳುತ್ತಿದ್ದರು. ಸಾಮಾನಿನ ಕೋಣೆಯಾದ್ದರಿಂದ ಅದರ ಚಿಲಕ ಇದ್ದದ್ದು ಹೊರಗಡೆ. ಗಾಳಿಗೆ ಬಾಗಿಲು ಬಡಿದುಕೊಳ್ಳುತ್ತದೆಂದು ಮಳೆಗಾಲದಲ್ಲಿ ಅತ್ತಿಗೆ ಚಿಲಕ ಹಾಕಿಬಿಡುತ್ತಿದ್ದಳು. ಬೆಳಿಗ್ಗೆ ನಾನು ಒಳಗಿನಿಂದ ತಟ್ಟಬೇಕು. ಅತ್ತಿಗೆ ಕೆಟ್ಟವಳಲ್ಲ. ಆದರೂ ನಾನು ಬೇಕೆಂದೇ ಜೋರಾಗಿ ತಟ್ಟುತ್ತಿದ್ದೆ.

ಬಾಳೂರಿನ ಕಡೆಯ ಒಂದು ಹೈಸ್ಕೂಲಿನ ಲೈಬ್ರರಿಯಲ್ಲಿ ನನಗೆ ತಾತ್ಕಾಲಿಕ ಕೆಲಸವಿತ್ತು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು. ಶಾಲೆಯ ಸಮಿತಿಯ ಹಿರಿಯರೊಬ್ಬರು ಒಂದು ದಿನ ಕರೆದು, "ಲೈಬ್ರರಿ ಸರ್ಟಿಫಿಕೇಟ್ ಒಂದು ಮಾಡ್ಕೊಂಡು ಬಾರಮ್ಮ. ಬರೋ ಜೂನ್‌ಗೆ ಕಾಯಂ ಮಾಡ್ತೀವಿ, ಶಾಲೆ ಹಿಂದಿನ ಕ್ವಾರ್ಟರ್ಸೂ ನಿಂಗೇ" ಎಂದರು. ಕ್ವಾರ್ಟರ್ಸ್ ಎಂದರೆ ಒಂದು ರೂಮು, ಒಂದು ಒಲೆ, ಬಾಗಿಲಿಗೆ ಒಳಗಡೆ ಚಿಲಕ. ಆ ಚಿಲಕದ ಆಸೆಗೇ ನಾನು ಅಂಚೆ ಮೂಲಕ ಕಲಿಯುವ ಕೋರ್ಸಿಗೆ ಸೇರಿದೆ.

ಚಿಕ್ಕಮಗಳೂರಿನಲ್ಲಿ ನಡೆದ ಮೊದಲ ತರಗತಿಯಲ್ಲಿ ಮೇಷ್ಟ್ರು ನಮಗೆಲ್ಲ ಕಂಪ್ಯೂಟರಿನಲ್ಲಿ ಒಂದು ಇಮೇಲ್ ಗ್ರೂಪ್ ಮಾಡಿಕೊಟ್ಟರು. "ಜ್ಞಾನ ಅನ್ನೋದು ಯಾರೋ ತಂದು ಕೈಗೆ ಹಾಕೋದಲ್ಲ. ಚರ್ಚೆ ಮಾಡಿ, ಕೂಡಿ ಕಟ್ಕೊಳ್ಳಿ. ನಾನೂ ಆಗಾಗ ಬಂದು ನೋಡ್ತಿರ್ತೀನಿ" ಎಂದರು. ಪುಣ್ಯಾತ್ಮ ಒಂದು ಸಲವೂ ಬಂದು ನೋಡಲಿಲ್ಲ. ಎರಡನೇ ಪಾಠಪುಸ್ತಕ ಅಂಚೆಯಲ್ಲಿ ಬರುತ್ತದೆಂದಿದ್ದರು, ಅದೂ ಬರಲಿಲ್ಲ. ಪಾಠದ ತಲೆಬರಹಗಳಿದ್ದ ಒಂದು ಹಾಳೆ ಮಾತ್ರ ನಮ್ಮ ಕೈಯಲ್ಲಿತ್ತು.

ಗ್ರೂಪಿನಲ್ಲಿದ್ದವರೆಲ್ಲ ನಮ್ಮ ಕಡೆಯವರೇ. ಕಳಸದ ಒಬ್ಬ ಎಸ್ಟೇಟ್ ರೈಟರ್ ಎಲ್ಲರಿಗೂ ಮುಂದಾಳು. ರೈಟರ್ ಎಂದರೆ ಕತೆ ಕವನ ಬರೆಯುವವನಲ್ಲ, ತೋಟದಲ್ಲಿ ಆಳುಗಳ ಹಾಜರಿ ಬರೆಯುವವನು. ನಾನು ಭಾನುವಾರ ಬಸ್ಸು ಹಿಡಿದು ಮೂಡಿಗೆರೆಯ ಸೈಬರ್ ಅಂಗಡಿಗೆ ಹೋಗುತ್ತಿದ್ದೆ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಕುಟ್ಟುವುದು, ಕರೆಂಟ್ ಹೋದರೆ ಕುಟ್ಟಿದ್ದೆಲ್ಲ ಹೋಯಿತು, ಮತ್ತೆ ಮೊದಲಿಂದ.

ಸುಳ್ಳು ಯಾಕೆ ಹೇಳಲಿ, ಮೊದಮೊದಲು ಬಹಳ ಚೆನ್ನಾಗಿತ್ತು. ಪುಸ್ತಕಗಳನ್ನು ವಿಷಯವಾರು ವಿಂಗಡಿಸಿ ನಂಬರ್ ಕೊಡುವುದು ನಮಗ್ಯಾರಿಗೂ ತಲೆಗೆ ಹತ್ತಿರಲಿಲ್ಲ. ತೋಟವನ್ನು ಬ್ಲಾಕುಗಳಾಗಿ ಮಾಡಿ, ಬ್ಲಾಕಿನೊಳಗೆ ಸಾಲು ಎಣಿಸಿದ ಹಾಗೆ ಎಂದು ರೈಟರ್ ಬರೆದ. ಅದಕ್ಕೆ ಮೂಡಿಗೆರೆಯ ಒಬ್ಬಳು ಒಂದು ಸೇರಿಸಿದಳು, ನಾನೊಂದು ಸೇರಿಸಿದೆ, ವಾರ ಕಳೆಯುವಷ್ಟರಲ್ಲಿ ಎಲ್ಲರಿಗೂ ಅರ್ಥವಾಗಿತ್ತು. ಅಣ್ಣನ ಮನೆಯಲ್ಲಿ ನನ್ನ ಮಾತಿಗೆ ಯಾರೂ ತಲೆ ಎತ್ತುತ್ತಿರಲಿಲ್ಲ. ಇಲ್ಲಿ ನಾನು ಬರೆದದ್ದನ್ನು ಓದಿ ಜನ ಉತ್ತರ ಕೊಡುತ್ತಿದ್ದರು. ಭಾನುವಾರ ಯಾವಾಗ ಬರುತ್ತದೋ ಎಂದು ಕಾಯುತ್ತಿದ್ದೆ.

ಆಮೇಲೆ ಆ ಪಾಠ ಬಂತು. ಕಾಗದ ಹುಟ್ಟುವ ಮೊದಲು ಜನ ಯಾವುದರ ಮೇಲೆ ಬರೆಯುತ್ತಿದ್ದರು ಎನ್ನುವ ಪಾಠ. ತಲೆಬರಹದ ಹಾಳೆಯಲ್ಲಿ ಮಣ್ಣಿನ ಹಲಗೆ, ಪಪೈರಸ್ ಎಂದಿತ್ತು, ಅದರ ಕೆಳಗೆ ಪಾರ್ಚ್‌ಮೆಂಟ್.

ಕಾಫಿ ಸೀಮೆಯಲ್ಲಿ ಪಾರ್ಚ್‌ಮೆಂಟ್ ಗೊತ್ತಿಲ್ಲದವರು ಯಾರು? ಹಣ್ಣು ಕಾಫಿಯ ಸಿಪ್ಪೆ ಸುಲಿದು, ತೊಳೆದು, ಕಣದಲ್ಲಿ ಒಣಗಿಸಿದ ಬೀಜ. ಮೇಲೊಂದು ತೆಳ್ಳನೆಯ ಹೊಟ್ಟು ಇರುತ್ತದೆ. ಪಪೈರಸ್ ಏನೆಂದು ಹುಡುಕಲು ಎಲ್ಲರೂ ಒದ್ದಾಡಿ, ಜೊಂಡಿನಿಂದ ಮಾಡಿದ ಹಾಳೆ ಎಂದು ಕಂಡುಕೊಂಡರು. ಪಾರ್ಚ್‌ಮೆಂಟನ್ನು ಯಾರೂ ಹುಡುಕಲಿಲ್ಲ. "ಇದೊಂದು ನಮ್ಮನೆ ಕಣದ್ದೇ ಪ್ರಶ್ನೆ" ಎಂದು ರೈಟರ್ ಬರೆದ. ಆ ಹೊಟ್ಟನ್ನು ಬೇಯಿಸಿ, ಒರಳಲ್ಲಿ ಜಜ್ಜಿ, ಹಾಳೆ ಮಾಡುತ್ತಿದ್ದರು ಎಂದ. ತೊಳೆದ ಹೊಟ್ಟು ಬೆಳ್ಳಗಿರುವುದರಿಂದ ಶಾಯಿ ಎದ್ದು ಕಾಣುತ್ತಿತ್ತು ಎಂದು ಮೂಡಿಗೆರೆಯವಳು ಸೇರಿಸಿದಳು. ದಿನದಿನಕ್ಕೆ ಉತ್ತರ ಬೆಳೆಯಿತು.

ನನಗೆ ಸಮಾಧಾನವಾಗಲಿಲ್ಲ. ಲೈಬ್ರರಿಯ ಹಳೇ ನಿಘಂಟು ತೆಗೆದು ನೋಡಿದರೆ 'ಚರ್ಮಪತ್ರ' ಎಂದಷ್ಟೇ ಇತ್ತು. ಅದನ್ನೇ ಗ್ರೂಪಿಗೆ ಹಾಕಿ, ಇದು ಪ್ರಾಣಿಯ ಚರ್ಮ ಇರಬಹುದೇ ಎಂದು ಕೇಳಿದೆ.

"ಎಂಥ ಮಾರಾಯ್ತಿ, ಚರ್ಮ ಅಂದ್ರೆ ಸಿಪ್ಪೆ ಅಲ್ವಾ?" ಎಂದು ರೈಟರ್ ಉತ್ತರ ಹಾಕಿದ. "ಪತ್ರ ಅಂದ್ರೆ ಎಲೆ. ಸಿಪ್ಪೆನೂ ಎಲೆನೂ ಸೇರ್ಸಿ ಜಜ್ಜೋದು. ನೀನೇ ಸರಿಯಾಗಿ ಹುಡುಕಿ ಕೊಟ್ಟೆ ನೋಡು."

ನಾನು ಬಿಡಲಿಲ್ಲ. ಕಾಫಿ ಗಿಡ ನಮ್ಮ ಗುಡ್ಡಕ್ಕೆ ಬರುವ ಮೊದಲು ಬರೆಯುವವರು ಇರಲಿಲ್ಲವೇ ಎಂದೆ. ಕಾಫಿ ಬಂದದ್ದು ಅರಬರ ದೇಶದಿಂದ, ಬರವಣಿಗೆಯೂ ಆ ಕಡೆಯದೇ, ಎರಡೂ ಸರಿಯಾಗಿ ಹೊಂದುತ್ತವೆ ಎಂದರು. ನೆಟ್‌ನಲ್ಲಿ ಕಾಫಿ ಪಾರ್ಚ್‌ಮೆಂಟ್ ಎಂದು ಹಾಕಿದರೆ ರಾಶಿ ರಾಶಿ ಬರುತ್ತದೆ, ಬೇಕಾದರೆ ನೋಡು ಎಂದರು. ಕಾಫಿ ಎಂದು ಹಾಕಿದ ಮೇಲೆ ಕಾಫಿ ಬಾರದೆ ಇನ್ನೇನು ಬರುತ್ತದೆ, ನನ್ನ ಕರ್ಮ. "ಚರ್ಮದ ಮೇಲೆ ಬರೆದ್ರೆ ವಾಸನೆ ಹೊಡೆಯಲ್ವಾ?" ಎಂದು ಒಬ್ಬ ಗೇಲಿ ಮಾಡಿದ. ಕೊನೆಗೆ ಮೂಡಿಗೆರೆಯವಳು, "ಎಲ್ರೂ ಒಂದು ಹೇಳ್ತಿದ್ರೆ ನೀವೊಬ್ರೇ ಇನ್ನೊಂದು ಹೇಳ್ತೀರಿ" ಎಂದಳು. ನಾನು ಎತ್ತಿದ ಒಂದೊಂದು ತಕರಾರಿಗೂ ಅವರ ಉತ್ತರ ಇನ್ನಷ್ಟು ಗಟ್ಟಿಯಾಯಿತು. ಬರೀ ಪಾರ್ಚ್‌ಮೆಂಟ್ ಎಂದು ಹಾಕಿ ನೋಡೋಣ ಎನ್ನುವಷ್ಟರಲ್ಲಿ ಕರೆಂಟ್ ಹೋಯಿತು. ಯಾರನ್ನಾದರೂ ಕೇಳೋಣವೆಂದರೆ ನಮ್ಮ ಶಾಲೆಗೆ ರಜೆ, ಮೇಷ್ಟ್ರುಗಳೆಲ್ಲ ಊರಿಗೆ ಹೋಗಿದ್ದರು.

ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಿತ್ತು. ಪರೀಕ್ಷಾ ಹಾಲ್ ತುಂಬ ಪೆನ್ನುಗಳು ಸರಸರ ಓಡಿದವು. ನನ್ನ ಪೆನ್ನು ನಿಂತಿತು. ಪ್ರಾಣಿಯ ಚರ್ಮ ಎಂದು ಬರೆದರೆ ಆಮೇಲೆ ಏನು ಬರೆಯುವುದು? ನನ್ನ ಹತ್ತಿರ ಇದ್ದದ್ದು ಬರೀ ಅನುಮಾನ. ಅನುಮಾನಕ್ಕೆ ಯಾರೂ ಮಾರ್ಕ್ಸ್ ಕೊಡುವುದಿಲ್ಲ. ಕ್ವಾರ್ಟರ್ಸಿನ ಬಾಗಿಲು ಕಣ್ಣಿಗೆ ಕಟ್ಟಿತು. ಹೊಟ್ಟು ಬೇಯಿಸಿ ಜಜ್ಜಿದ್ದನ್ನೇ ಪುಟ ತುಂಬ ಬರೆದೆ.

ಫಲಿತಾಂಶದ ದಿನ ನಮ್ಮ ಗ್ರೂಪಿನ ಯಾರ ನಂಬರೂ ಇರಲಿಲ್ಲ. ಆಮೇಲೆ ಒಬ್ಬೊಬ್ಬರನ್ನೇ ಚಿಕ್ಕಮಗಳೂರಿಗೆ ವಿಚಾರಣೆಗೆ ಕರೆಸಿದರು. ಎಲ್ಲ ಉತ್ತರ ಪತ್ರಿಕೆಯಲ್ಲೂ ಅದೇ ಹೊಟ್ಟು, ಅದೇ ಒರಳು, ಅದೇ ಶಾಯಿ. ಸಾಮೂಹಿಕ ನಕಲು ಎಂದರು.

"ನಕಲಲ್ಲ ಸಾರ್, ಚರ್ಚೆ ಮಾಡಿದ್ದು. ಕಂಪ್ಯೂಟರಲ್ಲಿ ಇದೆ" ಎಂದೆ. ಮೂಡಿಗೆರೆಯಲ್ಲಿ ತೆಗೆಸಿಕೊಂಡು ಹೋಗಿದ್ದ ಪ್ರಿಂಟನ್ನು ಎದುರಿಗಿಟ್ಟೆ.

ವಿಚಾರಣೆಗೆ ಕೂತಿದ್ದ ಅಧಿಕಾರಿ ನಿಧಾನಿ ಮನುಷ್ಯ, ಎಲ್ಲವನ್ನೂ ಓದಿದರು. ಓದುತ್ತಾ ಒಂದು ಕಡೆ ನಗು ಬಂತು, ತಡೆದುಕೊಂಡರು. ಆಮೇಲೆ ನನ್ನ ಸಾಲಿನ ಮೇಲೆ ಬೆರಳಿಟ್ಟರು.

"ಇದು ನೀವೇ ಬರೆದಿದ್ದಾ? ಪ್ರಾಣಿ ಚರ್ಮ ಅಂತ?"

"ಹೌದು ಸಾರ್."

"ಸರಿಯಾಗೇ ಹೇಳಿದ್ದೀರಲ್ಲಮ್ಮ. ಕುರಿ ಚರ್ಮ, ಕರು ಚರ್ಮ ಹದ ಮಾಡಿ ಬರೀತಿದ್ರು. ಮತ್ತೆ ಪೇಪರಲ್ಲಿ ಯಾಕೆ ಕಾಫಿ ಬರೆದ್ರಿ?"

"ಎಲ್ರೂ ಹಾಗೇ ಹೇಳಿದ್ರು ಸಾರ್."

ಅವರು ಪ್ರಿಂಟನ್ನು ಮಡಿಸಿ ವಾಪಸು ಕೊಟ್ಟರು. "ಹಾಗಿದ್ರೆ ನಿಮ್ಮದು ಅಂತ ಈ ಪೇಪರಲ್ಲಿ ಏನಿದೆ?" ಎಂದರು. ಗದರಿದ್ದರೆ ನಾನೂ ಗದರುತ್ತಿದ್ದೆ, ನನ್ನ ಬಾಯಿ ಸುಮ್ಮನಿರುವ ಬಾಯಲ್ಲ. ಅವರು ಮೆಲ್ಲಗೆ ಕೇಳಿದ್ದರಿಂದ ಪ್ರಿಂಟನ್ನು ಚೀಲಕ್ಕೆ ಹಾಕಿಕೊಂಡು ಎದ್ದೆ. ಎಲ್ಲರದ್ದೂ ರದ್ದಾಯಿತು, ನನ್ನದೂ.

ಜೂನ್‌ನಲ್ಲಿ ಸರ್ಟಿಫಿಕೇಟ್ ಇದ್ದ ಒಬ್ಬಳು ಕೊಪ್ಪದಿಂದ ಬಂದಳು. ಲೈಬ್ರರಿಯ ಬೀಗದ ಕೈ ನಾನೇ ಅವಳ ಕೈಗೆ ಕೊಟ್ಟೆ. ಕ್ವಾರ್ಟರ್ಸಿಗೆ ಅವಳ ಒಲೆ, ಚಾಪೆ ಜೀಪಿನಿಂದ ಇಳಿದವು. ಒಳ್ಳೆಯ ಹುಡುಗಿ, ಕಾಫಿ ಕುಡಿದು ಹೋಗಿ ಅಕ್ಕ ಎಂದಳು. ಕುಡಿಯದೆ ಬಂದೆ.

ಆಮೇಲೊಂದು ಭಾನುವಾರ ಮೂಡಿಗೆರೆಗೆ ಹೋಗಿ ಗ್ರೂಪ್ ತೆರೆದೆ. ಹಳಬರು ಯಾರೂ ಇರಲಿಲ್ಲ, ರೈಟರ್ ಕೂಡ ಬಾಯಿಗೆ ಬೀಗ ಹಾಕಿಕೊಂಡಿದ್ದ. ಆ ವರ್ಷ ಹೊಸದಾಗಿ ಕೋರ್ಸಿಗೆ ಸೇರಿದ ಒಬ್ಬಳು ಮಾತ್ರ ಬರೆದಿದ್ದಳು. ಪಾರ್ಚ್‌ಮೆಂಟ್ ಬಗ್ಗೆ ಇಷ್ಟು ಚೆನ್ನಾಗಿ ಚರ್ಚೆ ಮಾಡಿದ್ದಕ್ಕೆ ಎಲ್ಲರಿಗೂ ಥ್ಯಾಂಕ್ಸ್, ಬರೆದಿಟ್ಟುಕೊಂಡಿದ್ದೇನೆ ಎಂದಿದ್ದಳು. ಅದು ಪೂರಾ ತಪ್ಪು, ಕುರಿಯ ಚರ್ಮ, ಅದನ್ನು ನಂಬಿ ನಮ್ಮೆಲ್ಲರ ಪರೀಕ್ಷೆ ಹೋಯಿತು ಎಂದು ಕುಟ್ಟಿದೆ.

ಮುಂದಿನ ಭಾನುವಾರ ಮಳೆಯಲ್ಲೇ ಹೋದೆ. ಅವಳ ಉತ್ತರ ಬಂದಿತ್ತು.

"ಎಲ್ರೂ ಕಾಫಿ ಅಂತಾನೇ ಬರೆದಿದ್ದಾರಲ್ಲ ಮೇಡಂ. ನೀವೊಬ್ರೇ ಬೇರೆ ಹೇಳ್ತಿದ್ದೀರಿ."

ಅಣ್ಣ ಆ ವರ್ಷ ರೇಟ್ ಏರಲಿ ಎಂದು ಮೆಣಸು ಮಾರಿರಲಿಲ್ಲ. ಮೂಟೆಗಳು ನನ್ನ ಚಾಪೆಯವರೆಗೂ ಬಂದಿದ್ದವು. ಊಟ ಮುಗಿಸಿ ಕೋಣೆಗೆ ಹೋದೆ. "ಗಾಳಿ ಜೋರುಂಟು, ಹಾಕಿರ್ತೀನಿ" ಎಂದು ಅತ್ತಿಗೆ ಹೊರಗಿನಿಂದ ಚಿಲಕ ಹಾಕಿದಳು. ನಾನು ಹೂಂ ಎಂದೆ.