ಸುಶೀಲಾ ಮೇಡಂ ಅವರ ಒಂದನೇ ಸೆಲ್

ನಂಜುಂಡಯ್ಯ ಅಂಕಲ್ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದಾರೆ. ಬನಿಯನ್ನಿನ ಮೇಲೆ ಹೆಂಡತಿಯ ತಾಳಿ ತೂಗುತ್ತಿದೆ. ಇದು ನಿಜವಾಗಿ ನಡೆದದ್ದೋ, ಅವರಿವರಿಗೆ ಹೇಳಿ ಹೇಳಿ ನಾನೇ ಕಟ್ಟಿಕೊಂಡ ಚಿತ್ರವೋ, ಬಹಳ ದಿನ ನನಗೆ ಖಾತ್ರಿಯಿರಲಿಲ್ಲ. ನಾನು ಓದಿದ್ದು ಸಂಖ್ಯಾಶಾಸ್ತ್ರ. ಬೇರೆಯವರ ಮಾತನ್ನು ಅನುಮಾನಿಸುವುದನ್ನು ವಿಶ್ವವಿದ್ಯಾಲಯದಲ್ಲಿ ಕಲಿತೆ. ನನ್ನ ನೆನಪನ್ನೇ ಅನುಮಾನಿಸುವ ಚಟ ಆಮೇಲೆ ತಾನಾಗಿ ಅಂಟಿಕೊಂಡಿತು.

ತಾಳಿ ಅಲ್ಲಿಗೆ ಹೋಗುವುದಕ್ಕೆ ಕಾರಣವಿತ್ತು. ಅಂಕಲ್ ಅವರ ಹೆಂಡತಿ ಸುಶೀಲಾ ಮೇಡಂ ಪಾಲಿಟೆಕ್ನಿಕ್ ಒಂದರಲ್ಲಿ ಎಲೆಕ್ಟ್ರಿಕಲ್ ಲ್ಯಾಬ್ ನಡೆಸಿ ನಿವೃತ್ತರಾದವರು. ಬಸವೇಶ್ವರನಗರದಲ್ಲಿ ಅವರ ಮನೆಯ ಮಹಡಿಯಲ್ಲಿ ನಾನು ಬಾಡಿಗೆಗಿದ್ದೆ. ಕರೆಂಟಿನ ಕೆಲಸ ಮಾಡುವಾಗ ಮೈಮೇಲೆ ಲೋಹದ ಚೂರೂ ಇರಬಾರದು ಎಂಬುದು ಅವರ ಲ್ಯಾಬಿನ ಕಾನೂನು. ಮನೆಯಲ್ಲೂ ಅದೇ ನಡೆಯುತ್ತಿತ್ತು. ಬಳೆ, ಉಂಗುರ ಡಬ್ಬಿಗೆ ಹೋಗುತ್ತಿದ್ದವು. ತಾಳಿಯನ್ನು ಮಾತ್ರ ಎಲ್ಲೆಂದರಲ್ಲಿ ಇಡಲು ಅವರಿಗೆ ಮನಸ್ಸಿಲ್ಲ. ಅದನ್ನು ತೆಗೆದು, ಕಣ್ಣಿಗೊತ್ತಿಕೊಂಡು, ಕುಂಕುಮ ಹಚ್ಚಿ, ಗಂಡನ ಕೊರಳಿಗೆ ಹಾಕುತ್ತಿದ್ದರು.

“ನೀವು ಕಟ್ಟಿದ್ದೇ ಅಲ್ವೇನ್ರೀ? ಸ್ವಲ್ಪ ಹೊತ್ತು ನೀವೇ ಹೊತ್ಕೊಳಿ.”

“ನೋಡಿದೋರು ಏನಂತಾರೆ ಕಣೇ!”

“ಭಾರ ಎಷ್ಟು ಅಂತ ಇವರಿಗೂ ಈಗ ಗೊತ್ತಾಯ್ತು ಅಂತಾರೆ.”

ಮೇಡಂ ಮಾತಾಡುತ್ತಿದ್ದದ್ದೇ ಹಾಗೆ. ಗೇಟಿನಾಚೆ ಸೊಪ್ಪಿನವಳಿಗೂ ಕೇಳುವಷ್ಟು ಜೋರು ದನಿ. ತಪ್ಪು ಯಾರದ್ದೇ ಆದರೂ ಬೈಗುಳ ಮೊದಲು ಅಂಕಲ್ ಪಾಲಿಗೆ. ಅಂಕಲ್ ಅದನ್ನು ಕಾಫಿಯ ಹಾಗೆ ನಿಧಾನವಾಗಿ ಸ್ವೀಕರಿಸುತ್ತಿದ್ದರು.

ಅಂಕಲ್ ಮುದ್ರಣಾಲಯದಲ್ಲಿ ದುಡಿದವರು. ಎದೆ ಕೆಟ್ಟಿತ್ತು. ಪೆಟ್ರೋಲಿನ ವಾಸನೆ ತಾಗಿದರೆ ಸಾಕು, ಉಸಿರು ಸಿಕ್ಕಿಕೊಳ್ಳುತ್ತಿತ್ತು. ಮನೆಯ ಹಳೆಯ ಪುಟ್ಟ ಕಾರಿನಲ್ಲಿ ಕೂರುವಂತಿರಲಿಲ್ಲ, ಆಟೋ ಕೂಡ ಆಗುತ್ತಿರಲಿಲ್ಲ. ಕೆಂಗೇರಿಯಲ್ಲಿ ಅವರ ಅಕ್ಕ ಇದ್ದರು. ಆಕೆಗೆ ಓಡಾಡಲಾಗದು, ಇವರಿಗೆ ಹೋಗಲಾಗದು. ಅಕ್ಕತಮ್ಮ ಫೋನಿನಲ್ಲಿ “ಊಟ ಆಯ್ತಾ” ಎಂದು ಕೇಳಿಕೊಂಡು ಸುಮ್ಮನಾಗುತ್ತಿದ್ದರು.

“ಡಾಕ್ಟ್ರು ಹೊಗೆ ಬೇಡ ಅಂದ್ರು ಕಣೋ. ಕೆಂಗೇರಿ ಬೇಡ ಅನ್ನಲಿಲ್ಲ,” ಎಂದು ಮೇಡಂ ಒಂದು ದಿನ ನನಗೆ ಹೇಳಿದರು. ಆ ವಾರವೇ ಕಾರು ಲಗ್ಗೆರೆಯ ಗ್ಯಾರೇಜಿಗೆ ಹೋಯಿತು. ಇಂಜಿನ್ ಇಳಿಸಿ ಕರೆಂಟ್ ಮೋಟಾರು ಕೂರಿಸಿಕೊಂಡು ಬಂತು. ಬ್ಯಾಟರಿಯನ್ನು ಮಾತ್ರ ಬೇರೆಯವರು ಮುಟ್ಟಕೂಡದು, ಅದು ಅವರದೇ ಕೆಲಸ. ಸೆಲ್‌ಗಳನ್ನು ಬಹಳ ಕಷ್ಟಪಟ್ಟು ತರಿಸಿದ್ದರು. ಕೆಟ್ಟರೆ ಮತ್ತೊಮ್ಮೆ ತರಿಸುವ ಮಾತೇ ಇರಲಿಲ್ಲ.

ಪ್ರತಿ ಸೆಲ್ಲಿನಿಂದ ಒಂದೊಂದು ಸಣ್ಣ ತಂತಿ ಹೊರಟು ಬಿಎಂಎಸ್ ಎಂಬ ಎಲೆಕ್ಟ್ರಾನಿಕ್ ಹಲಗೆಗೆ ಸೇರಬೇಕು. ಅದೇನು ಮಾಡುತ್ತದೆ ಎಂದು ಕೇಳಿದೆ.

“ಹಾಸ್ಟೆಲ್ ವಾರ್ಡನ್ ಕಣೋ ಅದು. ಒಬ್ಬ ಹುಡುಗ ಸುಸ್ತಾದ್ರೂ ಎಲ್ಲರನ್ನೂ ಕೂರಿಸಿಬಿಡತ್ತೆ. ಪಾಪದ ಪ್ರಾಣಿ ಅಲ್ಲ, ಆದ್ರೆ ಬೇಕು.”

ಸೆಲ್‌ಗಳನ್ನು ಸಾಲಾಗಿ ಜೋಡಿಸಿಟ್ಟ ಬೆಳಿಗ್ಗೆ ಅಂಕಲ್ ಮೆಲ್ಲಗೆ, “ಶುರು ಮಾಡೋ ಮುಂಚೆ ಒಂಚೂರು ಕುಂಕುಮ ಹಚ್ಚಿದ್ರೆ...” ಎಂದರು.

“ಬಾನೆಟ್‌ಗೆ ಹಚ್ಚಿ, ಚಕ್ರಕ್ಕೆ ಹಚ್ಚಿ, ನಿಮ್ಮ ತಲೆಗೆ ಹಚ್ಕೊಳಿ. ನನ್ನ ಬ್ಯಾಟರಿ ಹತ್ರ ಮಾತ್ರ ಬರಬೇಡಿ. ದೇವರಿಗೆ ವೋಲ್ಟೇಜ್ ಗೊತ್ತಾಗಲ್ಲ.”

ಅಂಕಲ್ ಕುರ್ಚಿಗೆ ಹೋದರು, ಅವರ ಕೊರಳಿಗೆ ತಾಳಿ ಬಂತು. ಮೇಡಂ ಫೋಟೋ ತೆಗೆಯಲು ನನಗೆ ಅಪ್ಪಣೆ ಮಾಡಿದರು. “ಪ್ರತಿ ಹಂತಕ್ಕೂ ತೆಗಿ. ನಿನ್ನ ತಲೆಗಿಂತ ಫೋನ್ ವಾಸಿ.” ಆಮೇಲೆ ರಬ್ಬರ್ ಗ್ಲೌಸ್ ಹಾಕಿಕೊಂಡು, ಸೆಲ್ಲಿಂದ ಸೆಲ್ಲಿಗೆ ತಾಮ್ರದ ಪಟ್ಟಿ ಕೂರಿಸಿ, ಅದೇ ಬೋಲ್ಟಿಗೆ ಸಣ್ಣ ತಂತಿಯನ್ನೂ ಸಿಕ್ಕಿಸಿ ಬಿಗಿದರು. ಹಲಗೆಗೆ ಚುಚ್ಚುವ ಮುನ್ನ ಒಂದೊಂದು ತಂತಿಯನ್ನೂ ಮೀಟರಿಟ್ಟು ನೋಡಬೇಕು. ಕ್ರಮ ತಪ್ಪಿದರೆ ಹಲಗೆ ಸುಟ್ಟು ಹೋಗುತ್ತದೆ. ಮೇಡಂ ಇದನ್ನು ಹಾಜರಿಯ ಹಾಗೆ ನಡೆಸಿದರು.

“ಒಂದು?”

“ಮೂರು ಪಾಯಿಂಟ್ ಮೂರು, ಮೇಡಂ.”

“ಪ್ರೆಸೆಂಟ್. ಎರಡು?”

ಎಲ್ಲರೂ ಪ್ರೆಸೆಂಟ್. ಹಲಗೆಯ ಸಣ್ಣ ದೀಪ ಹಸಿರಾಗಿ ಮಿನುಗಿತು. ಅಂಕಲ್ ಒಳಗೆ ಹೋಗಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು, ತಾಳಿ ಒಪ್ಪಿಸಿ, ಮುಂದಿನ ಸೀಟಿನಲ್ಲಿ ಕೂತರು. ಸದ್ದಿಲ್ಲ, ವಾಸನೆಯಿಲ್ಲ. ಕಾರು ಗೇಟು ದಾಟಿತು. ರಸ್ತೆಯ ಕೊನೆಯ ಏರು ಹತ್ತುವಾಗ ಸತ್ತ ಹಾಗೆ ನಿಂತಿತು.

ಒಂದನೇ ಸೆಲ್ ಕುಸಿದಿದೆ ಎಂದು ಬಿಎಂಎಸ್ ನನ್ನ ಫೋನಿಗೆ ತೋರಿಸುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟರೆ ಎಲ್ಲ ಸರಿ. ಮತ್ತೆ ಏರು, ಮತ್ತೆ ಅದೇ. ಮೇಡಂ ಸ್ಟೀರಿಂಗ್ ಮೇಲೆ ಕೈಯಿಟ್ಟು ಕೂತುಬಿಟ್ಟರು.

“ಮೊದಲನೇ ಬೆಂಚಿನವನೇ ಫೇಲು,” ಎಂದರು. ಮೊದಲ ಸಲ ಅವರ ದನಿ ಗೇಟಿನಾಚೆ ಕೇಳದಷ್ಟು ಸಣ್ಣದಾಗಿತ್ತು.

“ಹೋಗ್ಲಿ ಬಿಡೇ. ಅಕ್ಕನ ಹತ್ರ ಫೋನಲ್ಲೇ ಮಾತಾಡ್ತೀನಿ,” ಎಂದರು ಅಂಕಲ್. ಅಂಗಿಯ ಮೇಲಿನ ಗುಂಡಿ ಬಿಚ್ಚಿದರು.

ಸೊಪ್ಪಿನವಳೂ ಕೈಹಾಕಿ ಕಾರನ್ನು ವಾಪಸು ತಳ್ಳಿದೆವು. ನನಗೆ ಸಮಾಧಾನವಿಲ್ಲ. “ಸತ್ತ ಸೆಲ್ಲು ನಿಂತಾಗ ಹೇಗೆ ಮೇಡಂ ಬದುಕತ್ತೆ?”

“ನೀನು ಹುಟ್ಟಿದಾಗಿಂದ ಯಾವುದನ್ನ ನಂಬಿದೀಯೋ?” ಎಂದು ರೇಗಿದರು. ಆಮೇಲೆ ನನ್ನ ಫೋನು ಕಸಿದು ನೋಡಿದರು. “ಹೊರೆ ಬಿದ್ದಾಗ ಮಾತ್ರ ಕುಸೀತಿದೆ... ಸೆಲ್ಲೇ ಆಗ್ಬೇಕಿಲ್ಲ, ಜಾಯಿಂಟೂ ಆಗಬಹುದು. ಬಿಚ್ಚೋಣ.”

ಮತ್ತೆ ಬಳೆ ಡಬ್ಬಿಗೆ, ತಾಳಿ ಅಂಕಲ್‌ಗೆ. ಬಿಎಂಎಸ್ ಕಳಚಿಟ್ಟು ಬೋಲ್ಟುಗಳನ್ನು ಮುಟ್ಟಿ ನೋಡಿದರೆ ಒಂದನೇ ಸೆಲ್ಲಿನದೊಂದೇ ಬಿಸಿ. ತಾಮ್ರದ ಪಟ್ಟಿ ಎತ್ತಿದರು. ಅಡಿಯಲ್ಲಿ ಕೆಂಪು ಪುಡಿ, ನಡುವೆ ಕಪ್ಪಗೆ ಕಮರಿತ್ತು. ಕುಂಕುಮ. ಲೋಹಕ್ಕೆ ಲೋಹ ತಾಗಬೇಕಾದ ಜಾಗದಲ್ಲಿ ಅದು ಅಡ್ಡ ಕೂತಿತ್ತು.

“ರೀ! ಬೇಡ ಅಂತ ಬಡ್ಕೊಂಡೆನಲ್ಲ! ಹೋಗಿ ಹೋಗಿ ಟರ್ಮಿನಲ್‌ಗೆ ಹಚ್ತಾರೇನ್ರೀ?”

ಅಂಕಲ್ ತಮ್ಮ ಕಾಲ್ಬೆರಳು ನೋಡಿಕೊಂಡರು. “ಆಯ್ತು ಕಣೇ. ತಪ್ಪಾಯ್ತು.”

ಸ್ಪಿರಿಟ್ಟಿನಲ್ಲಿ ಒರೆಸಿ, ಎಮರಿ ಕಾಗದದಿಂದ ನಯವಾಗಿ ಉಜ್ಜಿ, ಮತ್ತೆ ಬಿಗಿದು, ಮತ್ತೆ ಹಾಜರಿ ತೆಗೆದದ್ದಾಯಿತು. ಏರಿನ ಬುಡದಲ್ಲಿ ಮೇಡಂ ಒಮ್ಮೆ ನಿಲ್ಲಿಸಿ ಮತ್ತೆ ಹೊರಡಿಸಿದರು. ಕಾರು ಅದೇನೂ ದೊಡ್ಡ ವಿಷಯವಲ್ಲ ಎಂಬಂತೆ ಹತ್ತಿ ಬಲಕ್ಕೆ ತಿರುಗಿತು. ಮೇಡಂ ನಕ್ಕ ನಗು ಇನ್ನೂ ಕಿವಿಯಲ್ಲಿದೆ. ಕಣ್ಣು ಒರೆಸಿಕೊಳ್ಳಲೆಂದು ಕಾರನ್ನು ಬದಿಗೆ ನಿಲ್ಲಿಸಬೇಕಾಯಿತು.

ಭಾನುವಾರ ಕೆಂಗೇರಿಗೆ ಹೋದೆವು. ನಾನು ಹಿಂದಿನ ಸೀಟಿನಲ್ಲಿದ್ದೆ. ಕಿಟಕಿಯ ಗಾಜು ಏರಿಸಿಕೊಂಡು, ದಾರಿಯುದ್ದಕ್ಕೂ ಅಂಕಲ್ ಒಂದೊಂದೇ ಅಂಗಡಿಯ ಹೆಸರು ಓದುತ್ತಾ ಬಂದರು. ಕೆಮ್ಮಲಿಲ್ಲ. ಅಕ್ಕ ಬಾಗಿಲಲ್ಲೇ ಕುರ್ಚಿ ಹಾಕಿಸಿಕೊಂಡು ಕಾಯುತ್ತಿದ್ದರು. “ಏನೋ ನಂಜ, ಕಳ್ಳನ ಥರ ಬಂದ್ಯಲ್ಲೋ, ಕಾರಿನ ಸದ್ದೇ ಇಲ್ಲ!” ಎಂದು ತಮ್ಮನ ಕೈ ಹಿಡಿದವರು ಊಟಕ್ಕೆ ಏಳುವವರೆಗೂ ಬಿಡಲಿಲ್ಲ.

ಆಮೇಲೆ ಅವರು ಅಕ್ಕನ ಬೀದಿಯಲ್ಲೇ ಮನೆ ಮಾಡಿದರು. ಸಾಮಾನಿನ ಲಾರಿ ಹೋದ ಮೇಲೆ ಅಂಕಲ್ ಕಾರು ಹತ್ತುವಾಗ ನನ್ನ ಅನುಮಾನ ತಡೆಯಲಿಲ್ಲ. “ಅವತ್ತು ನೀವು ಕುರ್ಚಿಯಿಂದ ಎದ್ದಿದ್ದು ನಂಗೆ ನೆನಪೇ ಇಲ್ಲ ಅಂಕಲ್. ಕುಂಕುಮ ಯಾವಾಗ ಹಚ್ಚಿದ್ರಿ?”

“ಯಾರು ಹಚ್ಚಿದ್ರೆ ಏನಪ್ಪಾ, ಓಡ್ತಾ ಇದೆ ತಾನೇ?” ಎಂದರು. ಅಷ್ಟರಲ್ಲಿ ಮೇಡಂ, “ಬಾಗಿಲು ಸರಿಯಾಗಿ ಹಾಕ್ಕೊಳ್ರೀ!” ಎಂದು ಕೂಗಿದರು. ಕಾರು ಸದ್ದಿಲ್ಲದೆ ತಿರುವಿನಲ್ಲಿ ಮರೆಯಾಯಿತು. ಬೀದಿ ಅಂದಿನಿಂದ ತುಂಬಾ ತಣ್ಣಗಿದೆ.

ಮೊನ್ನೆ ಫೋನಿನ ಹಳೆಯ ಚಿತ್ರಗಳನ್ನು ಅಳಿಸುತ್ತಿದ್ದಾಗ ಆ ಬೆಳಗಿನವು ಸಿಕ್ಕವು. ಅಂದು ತಂತಿಗಳ ಕ್ರಮ ಬಿಟ್ಟು ಬೇರೇನನ್ನೂ ನಾನು ನೋಡಿರಲಿಲ್ಲ. ತಾಮ್ರದ ಪಟ್ಟಿ ಕೂರಿಸುವ ಮುಂಚಿನ ಚಿತ್ರವನ್ನು ಹಿಗ್ಗಿಸಿದೆ. ಒಂದನೇ ಸೆಲ್ಲಿನ ಟರ್ಮಿನಲ್ ಮೇಲೆ ಬಳೆಯಿಲ್ಲದ ಒಂದು ಕೈ, ಇನ್ನೂ ಗ್ಲೌಸ್ ಹಾಕಿಲ್ಲ. ಉಂಗುರದ ಬೆರಳಿನ ತುದಿ ಕೆಂಪಗಿದೆ. ಹಿಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅಂಕಲ್, ಬನಿಯನ್ನಿನ ಮೇಲೆ ತಾಳಿ. ಅವರು ಆ ಬೆರಳನ್ನೇ ನೋಡುತ್ತಿದ್ದಾರೆ.