ಹಿತ್ತಿಲಿನ ಸವತಿ

ಹಲಸೂರಿನ ಬೈರಮ್ಮನಿಗೆ ಹೊಟ್ಟೆಕಿಚ್ಚು ಹುಟ್ಟಿದ್ದು ಒಂದು ಬೆಕ್ಕಿನ ಮೇಲೆ. ನಗಬೇಡಿ. ಹೆಂಗಸಿನ ಮೇಲಾಗಿದ್ದರೆ ಬೀದಿಗೆ ಎಳೆದು ನ್ಯಾಯ ಕೇಳಬಹುದಿತ್ತು, ನಾಲ್ಕು ಜನ ಇವಳ ಪರವಾಗಿಯೂ ನಿಲ್ಲುತ್ತಿದ್ದರು. ಬೀದಿ ಬೆಕ್ಕಿನ ಮೇಲೆ ಯಾರ ಹತ್ತಿರ ದೂರು ಹೇಳುವುದು?

ಬೈರಮ್ಮ ಹೊರಮಾವಿನ ಹುಡುಗಿ. ಗಂಡ ಚಿಕ್ಕಮುನಿಯಪ್ಪ ರಿಚರ್ಡ್ಸ್ ಟೌನಿನ ಬಂಗಲೆಯಲ್ಲಿ ಒಬ್ಬ ಇಂಗ್ಲಿಷ್ ದೊರೆಯ ಅಡಿಗೆಯವನು. ಹಿರಿಯರ ಮುಂದೆ ಗಂಡ ಹೆಂಡತಿ ಎದುರೆದುರು ಮಾತಾಡಬಾರದೆಂಬುದು ಆ ಮನೆಯ ಮರ್ಯಾದೆ. ಇದ್ದದ್ದು ಒಂದೇ ಕೋಣೆ, ಅದರಲ್ಲಿ ಅತ್ತೆ ಸದಾ ಹಾಜರು. "ಅತ್ತೆ, ಊಟಕ್ಕೆ ಏಳಕ್ಕೆ ಹೇಳಿ" ಎಂದು ಇವಳು, "ಅವ್ವಾ, ಉಪ್ಪು ಕಮ್ಮಿ ಅನ್ನು" ಎಂದು ಅವನು. ಹೀಗೆ ಮುದುಕಿಯ ಕಿವಿಯನ್ನು ಹಾದುಕೊಂಡೇ ಸಂಸಾರ ನಡೆಯಿತು. ಮಕ್ಕಳಿದ್ದಿದ್ದರೆ ಅವರ ನೆಪದಲ್ಲಾದರೂ ಮಾತು ಬರುತ್ತಿತ್ತೇನೋ, ಆಗಲಿಲ್ಲ. ಎರಡನೇ ಮಹಾಯುದ್ಧ ಮುಗಿದ ವರ್ಷ ಅತ್ತೆ ತೀರಿಕೊಂಡಳು. ಇನ್ನಾದರೂ ಮಾತಾಡುತ್ತಾರೆ ಎಂದುಕೊಂಡಿರಾ? ಅಭ್ಯಾಸವಿದ್ದರಲ್ಲವೇ! ಅವನು ತಟ್ಟೆಯ ಮುಂದೆ ಕೂತು ಕೆಮ್ಮುತ್ತಿದ್ದ, ಇವಳು ಮುದ್ದೆ ಇಡುತ್ತಿದ್ದಳು. ತನ್ನ ಗಂಡ ಮೂಗಬಸವ, ಏನು ಮಾಡುವುದು ಎಂದುಕೊಂಡು ಬೈರಮ್ಮ ಮಲ್ಲಿಗೆ ಕಟ್ಟಿ ಮಾರುತ್ತ ಸಮಾಧಾನವಾಗಿಯೇ ಇದ್ದಳು.

ಆ ಸಮಾಧಾನಕ್ಕೆ ಕಲ್ಲು ಹಾಕಿದ್ದು ಈ ಬೂದಿ ಬಣ್ಣದ ಬೆಕ್ಕು. ಎಲ್ಲಿಂದಲೋ ಬಂದು ಹಿತ್ತಿಲಿನ ಒಗೆಯುವ ಕಲ್ಲಿನ ಮೇಲೆ ಠಿಕಾಣಿ ಹೂಡಿತು. ಒಂದು ಸಂಜೆ ಹೂ ಕಟ್ಟುತ್ತಿದ್ದವಳಿಗೆ ಹಿತ್ತಿಲಿನಿಂದ ಗಂಡಸಿನ ದನಿ ಕೇಳಿಸಿತು.

"ಬಾರೇ ನನ್ ರಾಣಿ, ತಿನ್ನೇ. ನಿಂಗೇ ಅಂತ ಮೀನಿನ ತಲೆ ತಂದಿವ್ನಿ ಕಣೇ. ಇವತ್ತು ಪುಡ್ಡಿಂಗ್ ಸೀದೋಯ್ತು, ದೊರೆಸಾನಿ ಕೈಲಿ ಸರಿಯಾಗಿ ಬೈಸ್ಕೊಂಡೆ."

ಬಾಗಿಲ ಸಂದಿಯಲ್ಲಿ ಇಣುಕಿದರೆ, ಮೂಗಬಸವ ಕುಕ್ಕುರುಗಾಲಿನಲ್ಲಿ ಕೂತು ಬೆಕ್ಕಿನ ಗದ್ದ ಕೆರೆಯುತ್ತಿದ್ದಾನೆ! ನಗುತ್ತಲೂ ಇದ್ದಾನೆ! ಬೈರಮ್ಮನ ಮೈಯೆಲ್ಲ ಉರಿದುಹೋಯಿತು. ರಾಣಿಯಂತೆ, ರಾಣಿ! ತನ್ನನ್ನು ಒಮ್ಮೆ 'ಏ' ಎಂದೂ ಕರೆಯದ ಬಾಯಿ ಅದು. ಅವನು ಕೆಲಸಕ್ಕೆ ಹೋದಾಗ ಬೆಕ್ಕಿಗೆ ನೀರೆರಚಿದಳು, ಪೊರಕೆ ಬೀಸಿದಳು. ಅದು ಮೈ ಒದರಿಕೊಂಡು ಮತ್ತೆ ಅದೇ ಕಲ್ಲಿನ ಮೇಲೆ ಕೂತಿತು.

ಪಕ್ಕದ ಮನೆಯ ಕಮರುನ್ನೀಸಾ ಇದನ್ನೆಲ್ಲ ಗೋಡೆಯ ಆಚೆಯಿಂದ ನೋಡಿ ನಕ್ಕಳು. "ಅರೇ ಬೈರಮ್ಮಾ, ಬಿಲ್ಲಿ ಮೇಲೆ ಯಾಕ್ ಹೊಟ್ಟೆ ಉರ್ಕೋತೀಯಾ? ಒಳಗೆ ಕರ್ಕೋ. ಗಂಡ ಹಿಂದೇನೇ ಬರ್ತಾನೆ."

"ಒಳಗಾ? ಆ ವಯ್ಯಾರಗಿತ್ತೀನಾ? ನನ್ ಜೀವ ಇರೋಗಂಟ ಹೊಸಿಲು ದಾಟಕ್ಕೆ ಬಿಡಕ್ಕಿಲ್ಲ."

ಬಾಯಲ್ಲಿ ಹಾಗೆಂದರೂ, ಸಂಜೆಯಾದರೆ ಅವಳ ಕಿವಿ ಹಿತ್ತಿಲಿನ ಬಾಗಿಲಿಗೆ ಅಂಟಿಕೊಳ್ಳುತ್ತಿತ್ತು. ಬಂಗಲೆಯ ಸುದ್ದಿ, ತನ್ನ ಮಂಡಿನೋವು, ಸತ್ತ ಅವ್ವನ ನೆನಪು, ಎಲ್ಲವನ್ನೂ ಅವನು ಆ ಬೆಕ್ಕಿಗೆ ಒಪ್ಪಿಸುತ್ತಿದ್ದ. ಗಂಡನಿಗೆ ಮಂಡಿ ನೋಯುತ್ತದೆಂದು ಬೈರಮ್ಮನಿಗೆ ಗೊತ್ತಾದದ್ದೇ ಹಾಗೆ.

ಒಂದು ಸಂಜೆ ಅವನ ದನಿ ತಗ್ಗಿತು. "ದೊರೆ ಊಟಿಗೆ ಹೋಗಿ ನೆಲೆಸ್ತಾರಂತೆ ಕಣೇ. ನೀನೂ ಬಾ ಅಂತಾವ್ರೆ. ಶನಿವಾರ ಉತ್ತರ ಹೇಳ್ಬೇಕು. ಬರ್ತೀಯೇನೇ ನನ್ ಜೊತೆ?"

ಬಾಗಿಲ ಹಿಂದೆ ಕೂತಿದ್ದ ಬೈರಮ್ಮ ಕಟ್ಟುತ್ತಿದ್ದ ಹೂವನ್ನು ಕೆಳಗಿಟ್ಟಳು. ಊರು ಬಿಡುವ ಮಾತು ಹೆಂಡತಿಗಿಂತ ಮೊದಲು ಬೆಕ್ಕಿಗೆ! ಜೊತೆಗೆ ಕರೆದದ್ದೂ ಅದನ್ನೇ! ತನ್ನನ್ನು ಇಲ್ಲಿಯೇ ಬಿಟ್ಟುಹೋಗುತ್ತಾನೆಯೇ? ಸೆರಗು ಬಾಯಿಗಿಟ್ಟು ಅತ್ತಳು. ಮುಂದಿನ ಎರಡು ಸಂಜೆಯೂ ಅವನು ಬೆಕ್ಕಿಗೆ ಅದೇ ಪ್ರಶ್ನೆ ಕೇಳಿದ. ಎದ್ದು ಹೋಗಿ ಕೇಳೋಣವೆಂದರೆ, ಇವಳ ಬಳೆ ಸದ್ದಾದರೆ ಸಾಕು, ಅವನು ಬಾಯಿ ಮುಚ್ಚುತ್ತಿದ್ದ. ಅವನ ಮನಸ್ಸಿನಲ್ಲಿ ಏನಿದೆ ಎಂದು ತಿಳಿಯಬೇಕಾದರೆ, ಕಮರುನ್ನೀಸಾ ಹೇಳಿದಂತೆ, ಬೆಕ್ಕು ಒಳಗೆ ಬರಲೇಬೇಕು. ಬೇರೆ ದಾರಿಯಿರಲಿಲ್ಲ.

ಮರುದಿನ ಒಣಮೀನು ತೋರಿಸಿದಳು. ಬೆಕ್ಕು ಬಾಲವೆತ್ತಿಕೊಂಡು, ಯಜಮಾನಿಯ ಠೀವಿಯಲ್ಲಿ ಹೊಸಿಲು ದಾಟಿತು. ಬೈರಮ್ಮ ಹಿತ್ತಿಲಿನ ಬಾಗಿಲಿಗೆ ಅಗುಳಿ ಹಾಕಿ, ಹಲ್ಲು ಕಚ್ಚಿಕೊಂಡು ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು.

ಬಂದ ಚಿಕ್ಕಮುನಿಯಪ್ಪ ಇಬ್ಬರನ್ನೂ ಕಂಡು ಬಾಗಿಲಲ್ಲೇ ನಿಂತ. ಆಮೇಲೆ ಎದುರಿಗೆ ಕೂತ, ಕೆಮ್ಮಿದ. ಮೀನಿನ ಪೊಟ್ಟಣ ಕೈಯಲ್ಲೇ ಉಳಿಯಿತು. ಕೊನೆಗೆ ಬೆಕ್ಕಿನ ಮುಖ ನೋಡಿಕೊಂಡು ಶುರುಮಾಡಿದ.

"ನಾಳೆನೇ ಶನಿವಾರ ಕಣೇ. ಒಬ್ನೇ ಹೋಗಕ್ಕೆ ನಂಗೆ ಮನಸಿಲ್ಲ. ಹೂವಿನ ವ್ಯಾಪಾರ ಬಿಟ್ಟು ಆ ಚಳಿಗೆ ಬಾ ಅಂತ ಅವಳನ್ನ ಯಾವ ಬಾಯಲ್ಲಿ ಕೇಳ್ಲಿ? ಬರಲ್ಲ ಅಂದ್ಬಿಟ್ರೆ? ಅದಕ್ಕೇ ದಿನಾ ನಿನ್ ಮುಂದೆ ಕೇಳಿ ಕೇಳಿ ಅಭ್ಯಾಸ ಮಾಡ್ಕೋತಾ ಇವ್ನಿ."

ಬೈರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆದರೂ ಹೊಟ್ಟೆಯೊಳಗಿನ ಕಿಚ್ಚು ಅಷ್ಟು ಸುಲಭವಾಗಿ ಆರುವಂಥದ್ದಲ್ಲ.

"ಅಭ್ಯಾಸ ಮಾಡಿದ್ದು ಸಾಕು. ನನ್ ಮುಖ ನೋಡಿ ಕೇಳಿ."

ಅವನು ಪೊಟ್ಟಣ ಕೆಳಗಿಟ್ಟು ತಲೆಯೆತ್ತಿದ. "ಬೈರೀ, ಬರ್ತೀಯಾ?"

"ಬರ್ತೀನಿ." ಬೈರಮ್ಮ ಬೆಕ್ಕನ್ನು ಎತ್ತಿ ನೆಲಕ್ಕೆ ಬಿಟ್ಟಳು. "ಇವಳನ್ನ ಕಮರುನ್ನೀಸಾಗೆ ಕೊಟ್ಬಿಡೋದು. ಊಟಿಗೆ ನಾನೊಬ್ಳೇ ಬರೋದು."