ಒಗೆಯದ ಸೀರೆ

ನಮ್ಮ ಅತ್ತೆಯ ಎಡಗೈ ಹೆಬ್ಬೆರಳಿನ ತುಂಬ ಸಾಸಿವೆ ಕಾಳಿನಷ್ಟು ಸಣ್ಣ ಸಣ್ಣ ಕಲೆಗಳಿದ್ದವು. ಎಲ್ಲ ಕಚ್ಚಿದ ಗಾಯಗಳೇ. ಒಂದು ಮಾಯುವುದರೊಳಗೆ ಅದರ ಮಗ್ಗುಲಿಗೆ ಇನ್ನೊಂದು. ಅರಿಸಿನ ಹಚ್ಚಿಕೊಳ್ಳಿ ಎಂದರೆ, "ಅರಿಷಿಣದ ವಾಸನಿಗೆ ಅವು ಮತ್ತ ಬೆದರತಾವ, ನಿನಗೇನ ತಿಳಿತೈತಿ?" ಎಂದು ನನ್ನ ಮೇಲೆಯೇ ಹಾಯುತ್ತಿದ್ದರು. ಯಾರ ಒಂದು ಮಾತನ್ನೂ ತಡೆದುಕೊಳ್ಳದ ಹೆಂಗಸು, ಅಂಗೈಯಲ್ಲಿ ಹಿಡಿಸುವ ಎರಡು ಪ್ರಾಣಿಗಳ ಹಲ್ಲನ್ನು ಬಾಯಿ ಮುಚ್ಚಿಕೊಂಡು ತಡೆದುಕೊಂಡರು.

ಅವನ್ನು ತಂದವನು ನನ್ನ ಮೈದುನ. ಬೆಳಗಾವಿಯಲ್ಲಿ ಯಾರ ಹತ್ತಿರವೋ ಕೊಂಡು, ಗೋಕಾಕದ ನಮ್ಮ ಮನೆಗೆ ಪಂಜರದ ಸಮೇತ ಹೊತ್ತು ತಂದ. ಶುಗರ್ ಗ್ಲೈಡರ್ ಅಂತೆ. ಬೂದು ಮೈ, ಬೆನ್ನಿನ ಮೇಲೊಂದು ಕಪ್ಪು ಪಟ್ಟೆ, ಮುಖದ ತುಂಬ ಕಣ್ಣು. ಮುಂಗಾಲಿನಿಂದ ಹಿಂಗಾಲಿನವರೆಗೆ ಚರ್ಮ ಹಬ್ಬಿರುವುದರಿಂದ ಎತ್ತರದಿಂದ ಜಿಗಿದರೆ ಗಾಳಿಯಲ್ಲಿ ತೇಲುತ್ತವೆ. ಹಗಲೆಲ್ಲ ಮಲಗುವ ಜೀವಗಳು. ಈ ಮಹಾಶಯನಿಗೆ ಅದರ ಗೊಡವೆಯೇ ಇಲ್ಲ. ಮಟಮಟ ಮಧ್ಯಾಹ್ನ ಕುತ್ತಿಗೆಗೆ ಕೈ ಹಾಕಿ ಎಳೆದು, ಹೆಗಲ ಮೇಲೆ ಕೂಡಿಸಿಕೊಂಡು ರೀಲ್ಸ್ ಮಾಡುತ್ತಿದ್ದ. ಅವು ಕಚ್ಚಿದವು. ಕಚ್ಚದೆ ಆರತಿ ಎತ್ತುತ್ತವೆಯೆ? ಕೆಲವೇ ದಿನಗಳಲ್ಲಿ ಅವನ ಉಮೇದು ಇಳಿದು ಪಂಜರ ಹಿತ್ತಲಿಗೆ ಬಂತು.

ಅತ್ತೆ ಮೇಲವಂಕಿಯ ಕುರಿಗಾರರ ಮನೆಯ ಮಗಳು. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಮಗನಿಗೆ ಬಾಯಿಗೆ ಬಂದಂತೆ ಬೈದು, ಪಂಜರವನ್ನು ತಮ್ಮ ಕೋಣೆಗೆ ಒಯ್ದರು. ಗಂಡಿಗೆ ಸುಗರ್ಯಾ, ಹೆಣ್ಣಿಗೆ ಸುಗರಿ ಎಂದು ಅವರೇ ಹೆಸರಿಟ್ಟರು. ಹೆಣ್ಣಿನ ಹೊಟ್ಟೆಯ ಮೇಲೆ ಮರಿ ಇಟ್ಟುಕೊಳ್ಳುವ ಚೀಲವಿರುವುದನ್ನು ಕಂಡ ದಿನ ಮಾತ್ರ, "ದೇವರು ಇಕೀಗೂ ಉಡಿ ಕೊಟ್ಟಾನ ನೋಡ" ಎಂದು ನಕ್ಕಿದ್ದರು.

ಮೊದಲು ಅವರೂ ಎಡವಿದರು. ಕುರಿಗಾರರಿಗೆ ಕಂಬಳಿಗಿಂತ ಹೆಚ್ಚಿನ ಆಸರೆ ಯಾವುದಿದೆ? ತವರಿನ ಕಂಬಳಿಯ ತುಂಡೊಂದನ್ನು ಪಂಜರದಲ್ಲಿ ಹಾಸಿದರು. ಅದರ ಎಳೆಗೆ ಸುಗರ್ಯಾನ ಉಗುರು ಸಿಕ್ಕಿಕೊಂಡು, ಜಗ್ಗಾಡಿ ರಕ್ತ ಬಂತು. ಅತ್ತೆ ಹಣೆ ಹಣೆ ಚಚ್ಚಿಕೊಂಡರು. ಆ ಸಿಟ್ಟನ್ನೂ ನನ್ನ ಮೇಲೆಯೇ ತೀರಿಸಿಕೊಂಡರೆನ್ನಿ.

ಆಮೇಲೆ ಅವರು ಮಾಡಿದ್ದು ಅಪ್ಪಟ ಕುರಿದೊಡ್ಡಿಯ ಬುದ್ಧಿ. ತಾಯಿ ಸತ್ತ ಮರಿಯನ್ನು ಬೇರೆ ಕುರಿಗೆ ಹಚ್ಚುವಾಗ, ಆ ಕುರಿಯದೇ ಹಾಲು ಹಿಂಡಿ ಮರಿಯ ಬೆನ್ನಿಗೆ, ಬಾಲಕ್ಕೆ ಸವರುತ್ತಾರೆ. ತನ್ನದೇ ವಾಸನೆ ಬಂದರೆ ಕುರಿ ಒದೆಯುವುದಿಲ್ಲ. "ಒಲ್ಲೆ ಅಂದ ಕುರೀನ ಬಡದು ಒಪ್ಪಿಸಾಕ ಬರೂದಿಲ್ಲ. ವಾಸನಿ ಒಪ್ಪಬೇಕು" ಎಂದು, ತಾವು ಉಟ್ಟು ಬಿಟ್ಟ ಹಳೆಯ ಸೀರೆಯ ತುಂಡನ್ನು ಪಂಜರದಲ್ಲಿಟ್ಟರು. ಅದೇ ಸೀರೆಯಿಂದ ಒಂದು ಚೀಲ ಹೊಲಿದರು. ಹಗಲು ಅವು ನಿದ್ದೆ ಹೋದಾಗ ಚೀಲದ ಸಮೇತ ಎದೆಗೆ ಕಟ್ಟಿಕೊಂಡು ರೊಟ್ಟಿ ಬಡಿಯುತ್ತಿದ್ದರು. ಘಮಘಮಿಸುವ ಸಾಬೂನು ಬಿಟ್ಟರು, ತಲೆಗೆ ಹಚ್ಚುವ ಎಣ್ಣೆ ಬಿಟ್ಟರು. ಸಂಜೆ ದೀಪ ಹಚ್ಚಿದ ಮೇಲೆ ಹೆಬ್ಬೆರಳಿಗೆ ಜೇನುತುಪ್ಪ ಸವರಿ ಪಂಜರದೊಳಗೆ ಇಟ್ಟು ಕೂಡುತ್ತಿದ್ದರು. ಅವು ಹಳೆಯ ಹೊಲಿಗೆ ಮಷಿನ್ನಿನಂತೆ ಕರಕರ ಸದ್ದು ಮಾಡಿ ಮೇಲೆ ಬಿದ್ದು ಕಚ್ಚುತ್ತಿದ್ದವು.

"ಕೈ ತಕ್ಕೋರಿ ಅತ್ತಿ" ಎಂದರೆ, "ತಗದ್ರ ಏನಾತು? ಕಚ್ಚಿದ್ರ ಕೈ ಹೋಗತೈತಿ ಅಂತ ಕಲೀತಾವ. ಕಚ್ಚಿದ್ರೂ ಬಡಿಯೂದಿಲ್ಲ ಅಂತ ಕಲೀಲಿ" ಎನ್ನುತ್ತಿದ್ದರು. ನನಗೆ ಹೊಟ್ಟೆ ಉರಿಯುತ್ತಿತ್ತು. ಮುಚ್ಚಿಡುವುದಿಲ್ಲ, ಹೇಳಿಯೇ ಬಿಡುತ್ತೇನೆ. ನಾನು ಆ ಮನೆಗೆ ಬಂದಾಗಿನಿಂದ ಈ ತಾಳ್ಮೆಯ ಒಂದು ಚಿಟಿಕೆಯನ್ನಾದರೂ ನನಗೆ ಕೊಟ್ಟಿದ್ದರೆ! ಅವರ ಟ್ರಂಕಿನ ಮುಚ್ಚಳವನ್ನು ಕೂಡ ನನಗೆ ಮುಟ್ಟಗೊಡುತ್ತಿರಲಿಲ್ಲ.

ಮಳೆಗಾಲ ಕಳೆಯುವ ಹೊತ್ತಿಗೆ ಎರಡೂ ಅವರ ಹೆಗಲೇರಿದವು. ಕರೆದರೆ ಕಪಾಟಿನ ಮೇಲಿಂದ ತೇಲಿ ಬಂದು ಎದೆಗೆ ಅಂಟಿಕೊಳ್ಳುತ್ತಿದ್ದವು.

ಆಗ ಮೈದುನನಿಗೆ ಮತ್ತೆ ಅವುಗಳ ನೆನಪಾಯಿತು. ಮೂಡಲಗಿಯಲ್ಲಿ ಅವನ ಮೊಬೈಲ್ ಅಂಗಡಿಯ ಓಪನಿಂಗ್. ಅತ್ತೆ ಜಳಕಕ್ಕೆ ಹೋದ ಸಮಯ ನೋಡಿ, ಗೂಟಕ್ಕೆ ತೂಗುಹಾಕಿದ್ದ ಚೀಲವನ್ನು ಅವು ಮಲಗಿದ್ದಂತೆಯೇ ಎತ್ತಿಕೊಂಡು ಹೋದ. ಅಲ್ಲಿ ಸ್ಪೀಕರಿನ ಗದ್ದಲ, ನೂಕುನುಗ್ಗಲು. ಬಂದವರೆಲ್ಲ ಅವನ್ನು ಕೈಯಿಂದ ಕೈಗೆ ದಾಟಿಸಿ ಬಾಯಿಗೆ ಕರದಂಟು ತುರುಕಿದರಂತೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಬೆದರಿದ ಸುಗರ್ಯಾ ಯಾರದೋ ತಲೆಯ ಮೇಲಿಂದ ಜಿಗಿದು ತಿರುಗುವ ಫ್ಯಾನಿಗೆ ಬಡಿದು ಸತ್ತುಹೋಯಿತು.

ಸಂಜೆ ಮೈದುನ ಸುಗರಿ ಒಂದನ್ನೇ ತಂದು ಅತ್ತೆಯ ಮುಂದಿಟ್ಟು, "ಅಳಬ್ಯಾಡ ಬೇ, ಅಂಥಾವ ಭಾಳ ಸಿಗತಾವ, ಇನ್ನೊಂದ ತಂದ ಕೊಡ್ತೇನಿ" ಎಂದ.

ಅತ್ತೆ ಅಳುತ್ತಿರಲಿಲ್ಲ. "ನಿನಗೂ ಅಂಥಾ ಅವ್ವ ಭಾಳ ಸಿಗತಾರು. ಹೋಗು, ತಗೊಂಡ ಬಾ" ಎಂದರು. ಮುಂದೆ ಕಡೆಯವರೆಗೂ ಅವನೊಡನೆ ಮಾತಾಡಲಿಲ್ಲ. ನನ್ನ ಗಂಡ ಅಲ್ಲೇ ನಿಂತಿದ್ದರು. ತಮ್ಮನನ್ನು ಒಂದು ಮಾತೂ ಕೇಳಲಿಲ್ಲ. ಆ ಇಬ್ಬರ ಮೇಲೂ ನನಗೆ ಬಂದ ಸಿಟ್ಟು ಹೇಳತೀರದು.

ಸುಗರಿ ಮತ್ತೆ ಕಚ್ಚತೊಡಗಿತು. ಅತ್ತೆ ಮತ್ತೆ ಹೆಬ್ಬೆರಳಿಗೆ ಜೇನು ಸವರಿಕೊಂಡು ಕೂತರು. ಎಲ್ಲ ಮೊದಲಿನಿಂದ. ಅದು ಮರಳಿ ಎದೆಗೆ ಬರುವಷ್ಟರಲ್ಲಿ ಅತ್ತೆಯ ಹೊಟ್ಟೆಯಲ್ಲಿ ಗಡ್ಡೆ ಇರುವುದು ತಿಳಿಯಿತು. ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಎಂದರು.

ಒಂದು ದಿನ ಅತ್ತೆ ಮೈಮೇಲಿನ ಸೀರೆಯನ್ನು ಬದಲಿಸಿ, ಬಿಟ್ಟದ್ದನ್ನು ನನ್ನತ್ತ ಚಾಚಿದರು. "ಇದನ್ನ ಉಟ್ಕೊಂಡ ಅಡ್ಡಾಡು. ಒಗಿಬ್ಯಾಡ."

"ಯಾಕ್ರಿ ಅತ್ತಿ?"

"ಇನ್ನ ನೀನಽ ಸುಗರಿ ತಾಯಿ. ನನ್ನ ವಾಸನಿ ನಿನ್ನ ಮೈಗೆ ಹತ್ತಬೇಕು."

"ಹಂಗೆಲ್ಲಾ ಮಾತಾಡಬ್ಯಾಡ್ರಿ."

"ಸುಮ್ನ ಉಟ್ಕೋ. ಅಳಬ್ಯಾಡ, ಅಕೀ ಬೆದರತಾಳ."

ಉಟ್ಟೆ. ಸುಗರಿ ಹತ್ತಿರ ಬಂದು ಮೂಸಿ ನೋಡಿ, ತಿರುಗಿ ಅತ್ತೆಯ ಕಡೆಗೇ ಓಡಿತು. ಕಲಿಸುವಷ್ಟು ದಿನ ಅತ್ತೆಗೆ ಉಳಿದಿರಲಿಲ್ಲ.

ಅವರು ಹೋದ ಮೇಲೆ ಬೆಲ್ಲದ ಬಾಗೇವಾಡಿಯಿಂದ ಬಂದ ನಮ್ಮ ಮಾವನವರ ತಂಗಿ, ಅತ್ತೆ ಉಟ್ಟ ಬಟ್ಟೆಗಳನ್ನೆಲ್ಲ ಗಂಟು ಕಟ್ಟಿಸಿದರು. ಸತ್ತವರು ಉಟ್ಟಿದ್ದನ್ನು ಹೊಳೆಗೆ ಬಿಡುವುದು ಪದ್ಧತಿ. ನನ್ನ ಮೈಮೇಲಿನ ಸೀರೆಯನ್ನೂ ಕೇಳಿದರು. ಪಂಜರದಲ್ಲಿ ಸುಗರಿ ಅನ್ನ ನೀರು ಬಿಟ್ಟು ಮೂಲೆ ಹಿಡಿದಿತ್ತು. ಮೈದುನ ಆಗಲೇ, "ವೈನಿ, ಅದನ್ನ ಯಾರಿಗರೆ ಕೊಟ್ಟ ಬಿಡೂಣ" ಎಂದು ರಾಗ ತೆಗೆದಿದ್ದ.

"ಈ ಸೀರಿ ಹೊಳಿಗಿ ಬಿಡೂದಾದ್ರ ನನ್ನನ್ನೂ ಕೂಡೇ ಬಿಡ್ರಿ" ಎಂದೆ. ಮೈದುನನಿಗೆ, "ನೀ ಆ ಪಂಜರದ ಸನ್ಯಾಕ ಬಂದಿ ಅಂದ್ರ ಕೈ ಮುರೀತೇನಿ" ಎಂದೆ. ಜನ ತುಂಬಿದ ಪಡಸಾಲೆಯಲ್ಲಿ ಸೊಸೆ ಹೀಗೆ ಅರಚಬಾರದು. ಅರಚಿದೆ. ಮೈಲಿಗೆ ಎಂದರು, ಪಿಶಾಚಿ ಎಂದರು. ಅನ್ನಲಿ.

ಆ ಸಂಜೆ ಬಾಗಿಲು ಹಾಕಿಕೊಂಡು ಪಂಜರದ ಮುಂದೆ ಕೂತೆ. ಹೆಬ್ಬೆರಳನ್ನು ಒಳಗಿಟ್ಟೆ. ಕಚ್ಚಿತು. ಕೈ ತೆಗೆಯಲಿಲ್ಲ. ಬಹಳ ಹೊತ್ತಿನ ಮೇಲೆ ತೋಳು ಹತ್ತಿ ಬಂದು, ಸೆರಗಿನಲ್ಲಿ ಮೂತಿ ಹುದುಗಿಸಿತು. ನನ್ನನ್ನು ನಂಬಿ ಅಲ್ಲ, ಅತ್ತೆ ಇನ್ನೂ ಇದ್ದಾರೆಂದು ನಂಬಿ.

ಈಗ ಆ ಸೀರೆಯಲ್ಲಿ ಅತ್ತೆಯ ವಾಸನೆ ಉಳಿದಿಲ್ಲ. ನಾನೂ ಮೂಗಿಟ್ಟು ಹುಡುಕಿದ್ದೇನೆ. ಬರೀ ನನ್ನ ಬೆವರು. ಆದರೂ ಸುಗರಿ ಬರುತ್ತದೆ, ಕರೆದರೆ ತೇಲಿ ಬಂದು ಎದೆಗೆ ಅಂಟಿಕೊಳ್ಳುತ್ತದೆ. ಅದು ಅಂಟಿಕೊಂಡಾಗಲೆಲ್ಲ ನನಗೆ ಅತ್ತೆಯ ಮೇಲೆ ಸಿಟ್ಟು ಬರುತ್ತದೆ. ಇಷ್ಟು ದೊಡ್ಡ ನಂಬಿಕೆಯನ್ನು ನನ್ನ ಮೈಗೆ ಹಚ್ಚಿ ಹೋದವರು, ನನ್ನನ್ನು ನಂಬಿದ್ದೇನೆಂದು ಒಮ್ಮೆಯಾದರೂ ಬಾಯಿಬಿಟ್ಟು ಹೇಳಬಾರದಿತ್ತೆ?